ಘಟ್ಟ ಹತ್ತಿ ಬಂದ ಬೆಳ್ಳಿ

"ಎಲ್ಲಿಂದ ಬರಾಕತ್ತೈತಿ ಇದು?"

ಗುರುಪುತ್ರಪ್ಪ ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದ. ಆದರೆ ದೇವರ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಎಡ ಅಂಗೈಯ ಮೇಲೆ ಇಷ್ಟಲಿಂಗ, ಅದರ ಮೇಲೆ ಬಿಲ್ವದ ಎಸಳು, ಎದುರಿಗೆ ಅಪ್ಪನ ಕಾಲದ ಪಟ, ಪಟದ ಕೆಳಗೆ ಜೋಡಿ ಊದುಬತ್ತಿ. ಮೊದಲೆಲ್ಲ ಒಂದೇ ಹಚ್ಚುತ್ತಿದ್ದ. ವಾಸನೆ ಶುರುವಾದ ಮೇಲೆ ಎರಡಾದವು. ಆಮೇಲೆ ಸಾದಾ ಬತ್ತಿ ಹೋಗಿ ಮೈಸೂರಿನ ಗಂಧದ ಬತ್ತಿ ಬಂತು. ವಾಸನೆ ಗಂಧದ ಬತ್ತಿಯನ್ನು ಮರ್ಯಾದೆಯಿಂದಲೇ ಬರಮಾಡಿಕೊಂಡು, ಅದರ ಹೆಗಲೇರಿ ಕೂತು, ಇನ್ನಷ್ಟು ದೂರ ಹಬ್ಬಿತು. ಅದು ಕೊಳೆತ ತಪ್ಪಲುಪಲ್ಲೆಯ ವಾಸನೆಯಲ್ಲ. ತರಕಾರಿ ವ್ಯಾಪಾರಿಗೆ ಆ ವಾಸನೆ ತಾಯಿಯ ಸೆರಗಿನಷ್ಟು ಪರಿಚಿತ. ಇದು ಉಪ್ಪಿನದು, ತಣ್ಣಗಿನದು, ಒದ್ದೆ ಹಲಗೆಯದು. ಬಾಗಿಲಲ್ಲಿ ಇರುತ್ತದೆ, ಹೋಗಿ ನೋಡಿದರೆ ಇರುವುದಿಲ್ಲ. ಅಂಗೈಯಲ್ಲಿ ಇರುತ್ತದೆ, ಮೂಗಿಗೆ ಹಿಡಿದರೆ ವಿಭೂತಿ. ಲಿಂಗವನ್ನು ಮೂಗಿನ ಹತ್ತಿರ ತಂದು ಮೂಸಿದ ಮೊದಲ ಶರಣ ತಾನೇ ಇರಬೇಕು ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ನಾಚಿಕೆ ಕಳೆಯಲಿಕ್ಕೆ ಮಂತ್ರವನ್ನು ಮತ್ತೆ ಮೊದಲಿನಿಂದ ಶುರುಮಾಡಿದ.

"ಪೂಜಾ ಮಾಡಾಕ ಕುಂತೀರೋ, ಪಂಚಾಯ್ತಿ ಮಾಡಾಕ ಕುಂತೀರೋ?" ಹೆಂಡತಿ ಬಸವಣ್ಣೆವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ವಾಸನಿ ಬರಾಕತ್ತೈತಿ."

"ಬರ್ಫಕ್ಕ ವಾಸನಿ ಇರೂದಿಲ್ಲ ಅಂತ ನೀವ ಹೇಳಿದ್ರಿ."

ಹೇಳಿದ್ದು ಖರೆ. ಆ ಮನೆಯಲ್ಲಿ ಅದರ ಹೆಸರು ಬರ್ಫ, ಮಂಜುಗಡ್ಡೆ. ಅಂಗಡಿಯಲ್ಲಿಯೂ ಬರ್ಫ. ಗಾಡಿ ಬೆಳಿಗ್ಗೆ ಬರ್ಫ ತಂತೇನು, ಬರ್ಫದ ಬಾಡಿಗೆ ಬಂತೇನು, ಈ ತಿಂಗಳು ಬರ್ಫ ಕಡಿಮೆ ಯಾಕೆ. ಬರ್ಫದ ಕೆಳಗೆ, ಬಿದಿರ ಬುಟ್ಟಿಗಳಲ್ಲಿ, ಕಣ್ಣು ತೆರೆದುಕೊಂಡು ಘಟ್ಟ ಹತ್ತಿ ಬರುವ ವಸ್ತುವಿನ ಹೆಸರನ್ನು ಗುರುಪುತ್ರಪ್ಪ ಒಮ್ಮೆಯೂ ಉಚ್ಚರಿಸಿರಲಿಲ್ಲ, ನೋಡಿರಲೂ ಇಲ್ಲ. ಹೆಸರು ಹೇಳದಿದ್ದರೆ ಪಾಪಕ್ಕೆ ವಿಳಾಸ ಸಿಗುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಅಡಿಗೆಮನೆಯಲ್ಲಿ ಬರ್ಫದ ಕೃಪೆಯಿಂದ ಒಂದು ಫ್ರಿಜ್ಜು ಬಂದು ನಿಂತಿತ್ತು. ತರಕಾರಿ ವ್ಯಾಪಾರಿಯ ಮನೆಯಲ್ಲಿ ತರಕಾರಿ ತಾಜಾ ಇರಲೆಂದು ಫ್ರಿಜ್ಜು. ಅದರೊಳಗೆ ಬಸವಣ್ಣೆವ್ವ ಒಂದು ತಂಬಿಗೆ ನೀರು, ಅರ್ಧ ನಿಂಬೆಹಣ್ಣು ಇಟ್ಟಿದ್ದಳು. ಓಣಿಯ ಹೆಂಗಸರು ಬಂದಾಗ ಬಾಗಿಲು ತೆಗೆದು ತೋರಿಸುತ್ತಿದ್ದಳು. ಒಳಗಿನ ದೀಪ ಹತ್ತಿದರೆ ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು, ಮಂಗಳಾರತಿಯ ಹೊತ್ತಿನ ಹಾಗೆ.

ಕಡಲ ತೀರ ಬೆಳೆಯುತ್ತಿತ್ತು. ಹಾಗೆಂದು ಪತ್ರಿಕೆ ಬರೆಯಿತು, ಪತ್ರಿಕೆ ಬರೆಯದ ದಿನ ಬ್ಯಾಂಕಿನ ಮ್ಯಾನೇಜರು ಹೇಳಿದರು. ಘಟ್ಟದ ಕೆಳಗೆ, ಗೋವಾದಲ್ಲಿ, ಮರಳಿನಿಂದ ಹೋಟೆಲುಗಳು ಅಣಬೆಯ ಹಾಗೆ ಏಳುತ್ತಿದ್ದವು. ಬಿಸಿಲಿಗೆ ಗತಿಯಿಲ್ಲದ ದೇಶಗಳಿಂದ ಜನ ವಿಮಾನ ಹತ್ತಿ ಬಂದು, ದುಡ್ಡು ಕೊಟ್ಟು, ಬಿಸಿಲಲ್ಲಿ ಬೆತ್ತಲೆ ಬಿದ್ದುಕೊಳ್ಳುತ್ತಿದ್ದರು. ಘಟ್ಟದ ಮೇಲಿನ ಬೀಡಿ ಊರಿನ ಹೆಣ್ಣುಮಕ್ಕಳು ಹೂಕೋಸಿನ ಮಡಿಯಲ್ಲಿ ಕಳೆ ಕೀಳುತ್ತ ಆ ಬಿಸಿಲನ್ನು ಪುಕ್ಕಟೆ ತಿನ್ನುತ್ತಿದ್ದರು, ಅದೂ ಪೂರಾ ಸೀರೆ ಉಟ್ಟುಕೊಂಡು. ಅದಕ್ಕೆ ಅವರದು ಬದುಕಿನ ಮಟ್ಟವಲ್ಲ, ಬರೇ ಬದುಕು. ಬಿಸಿಲು ಕಾಸಿದವರಿಗೆ ಹಸಿವೆಯಾಗುತ್ತದೆ. ಆ ಹಸಿವೆಗೆ ಬೀಡಿಯ ಹೂಕೋಸು, ಖಾನಾಪುರದ ಬೀನ್ಸು, ಬೆಳಗಾವಿಯ ಗಜ್ಜರಿ. ನೆಟ್ಟಗಿದ್ದ ಬೀನ್ಸು ತೀರಕ್ಕೆ ಹೋಗುತ್ತಿತ್ತು, ಸೊಟ್ಟಗಿದ್ದದ್ದು ಊರಲ್ಲಿ ಉಳಿಯುತ್ತಿತ್ತು. ಸೊಟ್ಟ ಬೀನ್ಸಿನ ರುಚಿಯೂ ಅದೇ ಎಂದು ಖಾನಾಪುರದವರು ಬೇಗನೆ ಕಂಡುಕೊಂಡರು. ಕಂಡುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಗುರುಪುತ್ರಪ್ಪನ ಮೆಟಡೋರು ಪ್ರತಿ ಸಂಜೆ ತುಂಬಿಕೊಂಡು ಅನಮೋಡದ ಘಟ್ಟ ಇಳಿದು, ಬೆಳಗಿನೊಳಗೆ ಖಾಲಿಯಾಗಿ ಬರುತ್ತಿತ್ತು. ಖಾಲಿ ಗಾಡಿ ಘಟ್ಟ ಹತ್ತುವಾಗ ಬಹಳ ಸದ್ದು ಮಾಡುತ್ತದೆ. ಆ ಸದ್ದು ಅವನಿಗೆ ಹಾಸಿಗೆಯಲ್ಲೂ ಕೇಳಿಸತೊಡಗಿದಾಗ, ಗಾಡಿ ನಡೆಸುವ ಮಜೀದ ಒಂದು ದಿನ ತಲೆ ಕೆರೆದುಕೊಂಡು, "ಅಣ್ಣಾರ, ಬರೂ ಮುಂದ ಸುಮ್ನ ಗಾಳಿ ತುಂಬಕೊಂಡ ಬರತೇನಿ. ಅಲ್ಲೆ ಒಬ್ಬಾಂವ ಬೆಳಗಾವಿಗೆ ಬಾಡಿಗಿ ಕೇಳಾಕತ್ಯಾನ," ಎಂದಿದ್ದ. "ಏನ ತರೂದು?" ಎಂದು ಗುರುಪುತ್ರಪ್ಪ ಕೇಳಿದ್ದ. ಮಜೀದ ಅವನ ಹಣೆಯ ವಿಭೂತಿ ನೋಡಿ, "ಬರ್ಫ," ಎಂದಿದ್ದ. ಹೀಗೆ ಆ ಹೆಸರನ್ನು ಇಟ್ಟವನೂ ಮಜೀದನೇ. ಅದರ ಒಳಗೆ ವಾಸ ಮಾಡಿದವನು ಮಾತ್ರ ಗುರುಪುತ್ರಪ್ಪ.

ಪೂಜೆ ಮುಗಿದಿರಲಿಲ್ಲ, ಹೊರಗೆ ಕೆಮ್ಮು ಕೇಳಿಸಿತು. ಮಠದ ವಹಿವಾಟು ನೋಡಿಕೊಳ್ಳುವ ಚನ್ನಬಸಯ್ಯನದು. ಅವನು ಯಾರ ಮನೆಯ ಬಾಗಿಲನ್ನೂ ಬಡಿಯುತ್ತಿರಲಿಲ್ಲ; ಕೆಮ್ಮುತ್ತಿದ್ದ. ಒಳ್ಳೆಯ ಸುದ್ದಿಗೆ ಒಂದು ಕೆಮ್ಮು, ಕೆಟ್ಟ ಸುದ್ದಿಗೆ ದೀರ್ಘವಾದದ್ದು.

"ಬರ್ರಿ, ಕುಂದರ್ರಿ."

"ಕುಂದರಾಕ ಬಂದಿಲ್ಲರಿ. ಸತ್ಯವ್ವನ ಬೆಳ್ಳಿ ಸಂಗತಿ ಗೊತ್ತಾತೇನ್ರಿ?"

ಗೊತ್ತಿಲ್ಲದವರು ಯಾರಿದ್ದರು? ಸೋಮವಾರ ಮಠದ ಅಡಿಗೆಮನೆಯಲ್ಲಿ ಸತ್ಯವ್ವ ಕೋಸುಗಡ್ಡೆ ಬಿಡಿಸುವಾಗ ಎಲೆಯ ಮಡಿಕೆಯಲ್ಲಿ ಉಗುರಿನಷ್ಟಗಲದ ಒಂದು ತೆಳ್ಳನೆಯ ತಗಡು ಸಿಕ್ಕಿತ್ತು. ಬೆಳಕಿಗೆ ಹಿಡಿದರೆ ಬೆಳ್ಳಿ, ಓರೆ ಮಾಡಿದರೆ ಕಾಮನಬಿಲ್ಲು. ಮಣ್ಣಲ್ಲಿ ಬೆಳೆದ ಕೋಸಿನೊಳಗೆ ಬೆಳ್ಳಿ ಎಲ್ಲಿಂದ ಬರಬೇಕು? ಸತ್ಯವ್ವ ಹೆಸರಿಗೆ ತಕ್ಕಂಥ ಹೆಂಗಸು. ಸೆರಗಿಗೆ ಕಟ್ಟಿಕೊಳ್ಳದೆ ನೇರ ಗದ್ದಿಗೆಗೆ ಒಯ್ದಳು. ಲಿಂಗೈಕ್ಯರಾದ ಹಿಂದಿನ ಸ್ವಾಮಿಗಳು, ಹಿರಿಯ ಅಜ್ಜಾರ ಗದ್ದಿಗೆಗೆ ತುಪ್ಪ ಹಚ್ಚಿ ಅದನ್ನು ಅಂಟಿಸಿದರು. ದೀಪ ಹಚ್ಚಿದಾಗ ಅದು ಕಣ್ಣು ಮಿಟುಕಿಸಿದಂತೆ ಹೊಳೆಯಿತು. ಓಣಿಗೆ ಓಣಿಯೇ ಬಂದು ಕೈಮುಗಿಯಿತು. ಗುರುಪುತ್ರಪ್ಪನೂ ಹೋಗಿದ್ದ. ಕೋಸು ಅವನ ಮನೆತನದ ಸೇವೆಯದು: ಪ್ರತಿ ಸೋಮವಾರ ಮಠದ ಅಡಿಗೆಗೆ ತರಕಾರಿ ಒಪ್ಪಿಸುವುದು, ಈಗ ಅವನದೇ ಗಾಡಿಯಲ್ಲಿ. ತನ್ನ ಕೋಸಿನಲ್ಲಿಯೇ ಬೆಳ್ಳಿ ಬಂತಲ್ಲ ಎಂದು ಹಿಗ್ಗಿದ್ದ. ಬಾಗಿ, ಹಣೆಯನ್ನು ಆ ತಗಡಿಗೆ ತಾಗಿಸಿ, ಕಣ್ಣು ಮುಚ್ಚಿ ನಿಂತಿದ್ದ. ಆಗ ಮೂಗಿಗೆ ತುಪ್ಪದ ವಾಸನೆ ಬಂದಿತ್ತು. ತುಪ್ಪದ್ದು, ಮತ್ತು ಇನ್ನೊಂದರದು.

"ನಮ್ಮ ಗುರುಸಿದ್ದ ಅದಾನಲ್ಲರಿ, ಗೋವಾದ ಹೋಟೆಲದಾಗ ಅಡಗಿ ಮಾಡಾಂವ? ನಿನ್ನೆ ಊರಿಗೆ ಬಂದಾನ. ಗದ್ದಿಗಿಗೆ ಹೋಗಿ ಹಣಿ ಹಚ್ಚಾಕ ಬಾಗಿದಾಂವ ಹಂಗ ಎದ್ದ ನಿಂತ. 'ಏನ್ರಿ ಇದು, ರಾವಸದ ಹುರುಪಿ ಇಲ್ಲಿ ಯಾರ ಹಚ್ಚ್ಯಾರ' ಅಂದ."

"ರಾವಸ ಅಂದ್ರ?"

"ಮೀನರಿ," ಎಂದ ಚನ್ನಬಸಯ್ಯ. ಆ ಮನೆಯಲ್ಲಿ ಆ ಶಬ್ದ ಮೊದಲ ಸಲ ಕೇಳಿಸಿತು. ಬಸವಣ್ಣೆವ್ವ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. "ಮೀನಿನ ಮೈಮ್ಯಾಲಿಂದು. ಊರ ಮಂದಿ ಎಲ್ಲಾ ಹಣಿ ಹಚ್ಚಿ ಬಂದೇವಿ. ನಾನೂ ಹಚ್ಚೇನಿ."

ಗುರುಸಿದ್ದನಿಗೆ ಅದು ರಾವಸದ್ದೇ ಎಂದು ಇಷ್ಟು ಖಾತ್ರಿಯಾಗಿ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಲಿಲ್ಲವಂತೆ. ತೀರಕ್ಕೆ ದುಡಿಯಲು ಹೋದ ಮಕ್ಕಳಿಗೆ ಕೇಳಬಾರದ ಪ್ರಶ್ನೆಗಳು ಯಾವವು ಎಂದು ಖಾನಾಪುರ ತಾನಾಗಿಯೇ ಕಲಿತುಕೊಂಡಿತ್ತು. ಆದರೆ ಕೋಸು ಯಾವ ಗಾಡಿಯಲ್ಲಿ ಬಂತು ಎಂಬುದನ್ನು ಎಲ್ಲರೂ ಕೇಳಿದರು.

"ಸಂಜೀಕ ಅಜ್ಜಾರ ಮುಂದ ಹಿರ್ಯಾರು ಕೂಡತಾರ. ಸೋಮವಾರದ ಸೇವಾ ನಿಮ್ಮ ಮನಿತನದಿಂದ ತಗೀಬೇಕು ಅನ್ನಾಕತ್ತಾರ. ನಾ ಬಿಟ್ಟಿಲ್ಲರಿ. ಗಾಡಿ ಗುರುಪುತ್ರಪ್ಪಂದಲ್ಲ, ಮಜೀದಂದು, ಇವರು ಬಾಡಿಗಿ ಕೊಟ್ಟು ಕಾಯಿಪಲ್ಲೆ ತರಸ್ತಾರ ಅಷ್ಟ ಅಂದೇನಿ. ಬಾಡಿಗಿ ಗಾಡಿ ರಾತ್ರಿ ಏನ ಹೊರತೈತಿ ಅಂತ ನಾವು ಮೂಸಿ ನೋಡಾಕ ಆಗತೈತೇನ್ರಿ?"

"ಗಾಡಿ ನನ್ನ ಹೆಸರೀಲೆ ಐತೆಲ್ಲರಿ ಅಯ್ಯಾರ."

"ಆ ಮಾತು ನಾ ಕೇಳಿಲ್ಲ," ಎಂದು ಚನ್ನಬಸಯ್ಯ ತಲೆ ಎತ್ತಿ ಛತ್ತಿನ ಕಡೆ ನೋಡಿದ. "ಮಜೀದ ಬಂದು ಅಜ್ಜಾರ ಮುಂದ 'ಗಾಡಿ ನಂದು' ಅಂತ ಒಂದ ಮಾತು ಅಂದ್ರ ಮುಗೀತು. ಗಾಡಿ ಮುಂದ ಗಾಜಿನ ಮ್ಯಾಲೆ 'ಶ್ರೀ ಗುರು ಪ್ರಸನ್ನ' ಅಂತ ಬರಸೀರಿ, ಅದನ್ನಷ್ಟ ಕೆರಸಿಬಿಡ್ರಿ."

ಗುರು ಪ್ರಸನ್ನನಾಗಿರುವುದೇ ಈಗ ಪುರಾವೆಯಾಗಿತ್ತು.

ಮಜೀದನನ್ನು ಹುಡುಕಿಕೊಂಡು ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಗುರುಪುತ್ರಪ್ಪನಿಗೆ ಅಪ್ಪನ ಬುಟ್ಟಿ ನೆನಪಾಯಿತು. ಅಪ್ಪ ಸೋಮವಾರ ನಸುಕಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ತಲೆಯ ಮೇಲೆ ಬುಟ್ಟಿ ಹೊತ್ತು ಮಠಕ್ಕೆ ನಡೆಯುತ್ತಿದ್ದ. ಬುಟ್ಟಿಯಲ್ಲಿ ನೆಟ್ಟಗಿದ್ದದ್ದೇ ಇರುತ್ತಿತ್ತು, ಸೊಟ್ಟಗಿದ್ದದ್ದು ಮನೆಗೆ. ಹಾಗಾದರೆ ಆಗಲೂ ಸೊಟ್ಟ ಬೀನ್ಸನ್ನೇ ತಿಂದಿದ್ದೇವಲ್ಲ ಎಂದು ಅವನಿಗೆ ಹೊಳೆಯಿತು. ವ್ಯತ್ಯಾಸವಿಷ್ಟೇ: ಆಗ ನೆಟ್ಟಗಿದ್ದದ್ದು ಗುರುವಿಗೆ ಹೋಗುತ್ತಿತ್ತು, ಈಗ ಬಿಸಿಲು ಕಾಸುವವರಿಗೆ. ಶ್ರಾವಣದಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತು ಪುರಾಣ ಓದುತ್ತಿದ್ದ. ಓದುವವನು ಪದ್ಯದ ಕೊನೆಗೆ ನಿಲ್ಲಬೇಕು, ಕೇಳುವವರಲ್ಲಿ ಒಬ್ಬರು "ಹೂಂ" ಅನ್ನಬೇಕು, ಆಮೇಲೆಯೇ ಮುಂದಿನ ಪದ್ಯ. ಹೂಂ ಅನ್ನುವವನು ತೂಕಡಿಸಿದರೆ ಕಥೆ ಅಲ್ಲಿಯೇ ನಿಲ್ಲುತ್ತಿತ್ತು. ಶರಣರು ಅರ್ಧ ದಾರಿಯಲ್ಲಿ ಕಾಯುತ್ತಿದ್ದರು. ಆ ಕಟ್ಟೆಯಲ್ಲಿ ಹೂಂಗುಡುವ ಕೆಲಸ ಮಜೀದನ ಅಪ್ಪ ಕಾಸಿಮಸಾಬನದು. ಅವನ ಹೂಂ ಒಂದು ಪದ್ಯಕ್ಕಿದ್ದಂತೆ ಇನ್ನೊಂದಕ್ಕೆ ಇರುತ್ತಿರಲಿಲ್ಲ: ದುಃಖದ ಹೂಂ, ಭಲೆ ಎನ್ನುವ ಹೂಂ, ಇದು ಹೆಂಗ ಸಾಧ್ಯ ಎನ್ನುವ ಹೂಂ. ಬೇರೆಯವರು ಹೂಂ ಅಂದರೆ ಅಪ್ಪನಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಆ ಕಾಸಿಮಸಾಬ ತೀರಿಕೊಂಡ ಮೇಲೆ ಅವನ ಎತ್ತು, ಚಕ್ಕಡಿ ಮಾರಿ ಬಂದದ್ದನ್ನು ಮಜೀದ ತಂದು ಈ ಮೆಟಡೋರಿಗೆ ಹಾಕಿದ. ಉಳಿದದ್ದು ಬ್ಯಾಂಕಿನದು. ಬ್ಯಾಂಕಿನ ಮ್ಯಾನೇಜರು ನಮ್ಮವರು. ಸಾಲ ಒಬ್ಬರ ಹೆಸರಲ್ಲೇ ಚೊಕ್ಕ ಎಂದರು. ಗಾಡಿ ಗುರುಪುತ್ರಪ್ಪನ ಹೆಸರಿಗೆ ಆಯಿತು. ಮುಂದಿನ ಗಾಜಿಗೆ ಗುರು ಪ್ರಸನ್ನನಾದ, ಹಿಂದಿನ ಹಲಗೆಯ ಮೂಲೆಯಲ್ಲಿ ಮಜೀದ ಸಣ್ಣದಾಗಿ ತನ್ನ ದೇವರ ಹೆಸರಿನ ಅಂಕಿ ಏಳುನೂರಾ ಎಂಬತ್ತಾರು ಬರೆಸಿಕೊಂಡ. ಎರಡು ಮೂರು ಸಲ, ಹಬ್ಬದ ಮುಂಚೆ, ಮಜೀದ ಕೇಳಿದ್ದಿದೆ: "ಅಣ್ಣಾರ, ನನ್ನ ಹೆಸರೂ ಒಂದ ಬಾಜುಕ ಹಚ್ಚೂಣೇನ?" ಗುರುಪುತ್ರಪ್ಪ ಅವನ ಭುಜದ ಮೇಲೆ ಕೈಯಿಟ್ಟು, "ನಾವೇನ ಬ್ಯಾರೆ ಏನಪಾ, ನಮ್ಮ ನಡುವ ಎಂಥಾ ಕಾಗದ?" ಎಂದಿದ್ದ. ಹಾಗೆಂದಾಗ ಪ್ರತಿಸಲವೂ ಅವನ ಕಣ್ಣು ತೇವವಾಗಿತ್ತು. ಆ ತೇವದಲ್ಲಿ ಕಪಟವಿರಲಿಲ್ಲ. ಅದೇ ಅದರ ಅನುಕೂಲ.

ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸರು ತೀರದ ಮಾತಾಡುತ್ತಿದ್ದರು. ಒಬ್ಬಳ ಮಗಳು ಅಲ್ಲಿ ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುತ್ತಾಳಂತೆ. "ದಿನಾ ಹೊಸಾ ಹಾಸಗಿ ಹಾಸ್ತಾರಂತವಾ, ಒಬ್ಬರು ಮಕ್ಕೊಂಡಿದ್ದರೂ ಅಷ್ಟ, ಮಕ್ಕೊಳದಿದ್ರೂ ಅಷ್ಟ." "ಮತ್ತ ನಿನ್ನ ಮಗಳು ಎಲ್ಲಿ ಮಕ್ಕೋತಾಳ?" "ಆಕಿ ಒಗಿಯೂ ಕಲ್ಲಿನ ಬಾಜುಕ ಒಂದ ಖೋಲಿ ಕೊಟ್ಟಾರ. ನೀರಿಗೇನ ಕಡಿಮಿಲ್ಲ." ಗುರುಪುತ್ರಪ್ಪ ತಿರುಗಿ ನೋಡಲಿಲ್ಲ. ತಿರುಗಿದರೆ ಅವರಿಗೆ ತನ್ನ ವಾಸನೆ ಬಂದೀತು. ಅವನು ಶಲ್ಯವನ್ನು ಬಿಗಿಯಾಗಿ ಸುತ್ತಿಕೊಂಡ. ಮಜೀದ ಸಿಕ್ಕ ಕೂಡಲೆ ಹೇಗೆ ಮಾತು ತೆಗೆಯಬೇಕು? ಹೇಳುವುದಿಲ್ಲ ಎಂದರೆ ಹೇಗೆ ಎಂಬ ಭಯ ಮೊದಲು ಹುಟ್ಟಿರಲಿಲ್ಲ. ಮೊದಲು ಹುಟ್ಟಿದ್ದು ಇನ್ನೊಂದು. ತಟ್ಟನೆ ಒಪ್ಪಿಬಿಟ್ಟರೆ? ಅಜ್ಜಾರ ಮುಂದೆ, ಹಿರಿಯರ ಮುಂದೆ, ಗದ್ದಿಗೆಯ ಸಾಕ್ಷಿಯಲ್ಲಿ "ಗಾಡಿ ನಂದು" ಎಂದು ಒಮ್ಮೆ ಅಂದವನು ನಾಳೆ ಬಂದು ಕೀಲಿ ಕೊಡಿರಿ ಎಂದರೆ? ಗುರುವಿನ ಮುಂದೆ ಆದ ಮಾತನ್ನು ಸುಳ್ಳು ಎನ್ನುವುದು ಮಹಾಪಾಪ. ಮಾತನ್ನು ಹೇಳಿಸುವುದು ಮಾತ್ರ ಅಷ್ಟು ದೊಡ್ಡದಲ್ಲ. ಅವನು ತನ್ನ ಮನಸ್ಸನ್ನು ತಾನೇ ಕೇಳಿಸಿಕೊಂಡು, ಬೆಳಗಾವಿಗೆ ಮೊದಲಿನ ಊರು ಮಚ್ಛೆ ಬಂತೆಂದು ಗಡಬಡಿಸಿ ಇಳಿದ.

ಮಚ್ಛೆಯ ಫೌಂಡ್ರಿಯ ಕಂಪೌಂಡಿನ ಹೊರಗೆ ಒಂದು ನಳವಿತ್ತು. ಮಜೀದ ಗಾಡಿಯನ್ನು ದಿನವೂ ಅಲ್ಲಿ ತೊಳೆಯುತ್ತಿದ್ದ. ಸೋಮವಾರ ಎರಡು ಸಲ. ಗಾಡಿ ಇರಲಿಲ್ಲ. "ಇನ್ನೂ ಬಂದಿಲ್ಲರಿ, ಬೆಳಗಾವ್ಯಾಗ ಅದಾನ, ಮೀನದ ಪ್ಯಾಟ್ಯಾಗ," ಎಂದ ವಾಚಮನ್, ಹವಾಮಾನ ಹೇಳುವವನಂತೆ. ಎಲ್ಲರಿಗೂ ಗೊತ್ತಿತ್ತು. ಬರ್ಫ ಎಂಬುದು ತಾನೊಬ್ಬನೇ ಆಡುತ್ತಿದ್ದ ಭಾಷೆ ಎಂದು ಗುರುಪುತ್ರಪ್ಪನಿಗೆ ಆ ನಳದ ಮುಂದೆ ನಿಂತಾಗ ತಿಳಿಯಿತು. ನಳದ ಕೆಳಗಿನ ಕಲ್ಲುಗಳ ನಡುವೆ ಸೂರ್ಯ ಬಿದ್ದಲ್ಲೆಲ್ಲ ಬೆಳ್ಳಿ. ಬೆಳ್ಳಿಯ ಮೇಲೆ ನೊಣ.

ಬೆಳಗಾವಿಯ ಕ್ಯಾಂಪಿನ ಆ ಪೇಟೆಯ ಮುಂದೆ ಅವನು ಇಷ್ಟು ವರ್ಷ ಹಾದುಹೋಗುವಾಗಲೆಲ್ಲ ಉಸಿರು ಹಿಡಿಯುತ್ತಿದ್ದ. ಇಂದು ಹಿಡಿದ ಉಸಿರಿನಲ್ಲಿಯೇ ಒಳಗೆ ಹೋದ, ನೀರಿಗೆ ಮುಳುಗುವವನಂತೆ. ಉಸಿರು ಬಿಡಲೇಬೇಕಾಯಿತು. ಆಗ ಒಂದು ವಿಚಿತ್ರ ನಡೆಯಿತು: ಇಲ್ಲಿಯ ವಾಸನೆ ಅವನ ವಾಸನೆಯಲ್ಲ. ಇದು ಹಸಿಯಾಗಿತ್ತು, ಗದ್ದಲದ್ದಾಗಿತ್ತು, ಬದುಕಿದ ಜನರದ್ದಾಗಿತ್ತು. ದೇವರ ಕೋಣೆಯಲ್ಲಿ ಬರುವುದು ಬೇರೆಯೇ. ಹಾಗಾದರೆ ಅದು ಯಾತರದು ಎಂದು ಯೋಚಿಸುವುದರೊಳಗೆ ಕಾಲು ಜಾರಿತು. ಕಂಬ ಹಿಡಿದುಕೊಂಡ. ಕಂಬ ಜಿಗುಟಾಗಿತ್ತು.

"ಸಂಬಾಳಾ ಸಾವಕಾರ," ಎಂದು ಈಳಿಗೆಯ ಹಿಂದೆ ಕೂತ ಹೆಂಗಸು ಮರಾಠಿಯಲ್ಲಿ ಎಚ್ಚರಿಸಿ, ಅವನ ಹಣೆ ನೋಡಿ ಕನ್ನಡಕ್ಕೆ ಬಂದಳು. "ಏನ ಬೇಕ್ರಿ? ಹೊಸದಾಗಿ ಸುರು ಮಾಡಾವರಿಗೆ ಮುಳ್ಳ ಕಡಿಮಿ ಇದ್ದದ್ದ ಕೊಡತೇನಿ."

ಬಾಜುವಿನವಳು, "ಬಿಡ ಕಾಂತಾ, ಅವರು ಬರೇ ನೋಡಾಕ ಬಂದಾರ. ನೋಡಾಕ ದುಡ್ಡ ತಗೋಬ್ಯಾಡ," ಎಂದಳು. ಸಾಲಿಗೆ ಸಾಲೇ ನಕ್ಕಿತು.

ಅದೇ ಹೊತ್ತಿಗೆ ಎದುರಿನಿಂದ ಖಾನಾಪುರದ ಒಬ್ಬ ಪರಿಚಿತರು ಬಂದರು, ಮಠದ ಹಿರಿಯರಲ್ಲಿ ಒಬ್ಬರು. ಹಣೆಯ ವಿಭೂತಿ ಒರೆಸಿಕೊಂಡಿದ್ದರು, ಒರೆಸಿದ ಗುರುತು ಉಳಿದಿತ್ತು. ಕೈಯಲ್ಲಿ ಬಟ್ಟೆಯ ಚೀಲ. ಇಬ್ಬರೂ ನಿಂತರು.

"ಇಲ್ಲೆ ಹಾದು ಹೊಂಟಿದ್ದೆ," ಎಂದರು ಅವರು.

"ನಾನೂ ಹಾದ ಹೊಂಟೇನಿ."

"ಸಂಜೀಕ ಮಠದಾಗ ಕೂಡೂದೈತಿ."

"ಬರತೇನಿ."

ಚೀಲದಿಂದ ಒಂದು ಹನಿ ಅವರ ಚಪ್ಪಲಿಯ ಮೇಲೆ ಬಿತ್ತು. ಇಬ್ಬರೂ ಅದನ್ನು ನೋಡಲಿಲ್ಲ, ಬಹಳ ಶಿಸ್ತಿನಿಂದ. ಸಂಜೆ ಅವರು ತನ್ನ ಸೇವೆಯನ್ನು ತೆಗೆಯಬೇಕೆಂದು ವಾದಿಸುವರೆಂದೂ, ಈ ಭೇಟಿಯ ದೆಸೆಯಿಂದ ಇನ್ನೂ ಒಂದು ದನಿ ಏರಿಸಿ ವಾದಿಸುವರೆಂದೂ ಗುರುಪುತ್ರಪ್ಪನಿಗೆ ಅರ್ಥವಾಯಿತು. ತಾನಾದರೂ ಹಾಗೆಯೇ ಮಾಡುತ್ತಿದ್ದ.

ಮೆಟಡೋರು ಪೇಟೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತಿತ್ತು. ಮಜೀದ ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ನೋಡಿದವನೇ ಬಸಿ ಕೆಳಗಿಟ್ಟ.

"ಅಣ್ಣಾರ, ಯಾರರೆ ಸತ್ತಾರೇನ್ರಿ?"

"ಹಂಗ್ಯಾಕ ಕೇಳತಿ?"

"ನೀವು ಇಲ್ಲಿತನಾ ಬಂದೀರಿ ಅಂದ್ರ ಸಣ್ಣ ಸುದ್ದಿ ಇರಾಕಿಲ್ಲ. ಕುಂದರ್ರಿ." ಟಾವೆಲಿನಿಂದ ಹಲಗೆ ಒರೆಸಿದ. ಗುರುಪುತ್ರಪ್ಪ ಹಲಗೆ ನೋಡಿದ, ಕೂಡಲಿಲ್ಲ. "ನಿಮ್ಮ ಗಾಡಿರೀ ಅದು. ನೀವ ಕುಂದರಾಂಗಿಲ್ಲ ಅಂದ್ರ ಅದಕ್ಕ ಬ್ಯಾಸರಾಗತೈತಿ."

ಗುರುಪುತ್ರಪ್ಪ ನಿಂತೇ ಹೇಳಿದ. ಕೋಸು, ಸತ್ಯವ್ವ, ತುಪ್ಪ, ಗದ್ದಿಗೆ. ಮಜೀದ ನಗದೆ ಇರಲು ಪ್ರಯತ್ನಿಸಿದ. ಗುರುಸಿದ್ದ ಬಾಗಿದವನು ಹಾಗೆಯೇ ಎದ್ದು ನಿಂತಲ್ಲಿಗೆ ಬಂದಾಗ ಅವನಿಂದಾಗಲಿಲ್ಲ. ಟಾವೆಲನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

"ತಪ್ಪ ತಿಳಕೋಬ್ಯಾಡ್ರಿ. ಎರಡೆರಡ ಸಲಾ ತೊಳದೇನ್ರಿ ನಾನು, ಹಲಗಿ ಸಂದ್ಯಾಗ ಕೂತಿರತೈತಿ ಹರಾಮಿ." ಟಾವೆಲು ಹೆಗಲಿಗೆ ಹಾಕಿಕೊಂಡು ಕೇಳಿದ: "ನೀವೂ ಹಣಿ ಹಚ್ಚಿದ್ರೇನ್ರಿ?"

"ಹಚ್ಚಿದೆ."

ಮಜೀದ ಇದಕ್ಕೆ ನಗಲಿಲ್ಲ. ಅವನು ನಕ್ಕಿದ್ದರೆ ಚಲೋ ಇತ್ತು. ತಲೆ ತಗ್ಗಿಸಿ, "ನಮ್ಮ ಮನ್ಯಾಕಿ ಜೈತುನಬೀ ಮೀನ ಹುರಿಯೂ ಮುಂದ ನಿಮ್ಮ ಮನಿ ಕಡಿ ಕಿಡಕಿ ಹಾಕತಾಳ. ಮದಿವಿ ಆಗಿ ಬಂದಾಗಿಂದ. ಯಾರೂ ಹೇಳಿಲ್ಲ ಆಕಿಗೆ," ಎಂದ. ಅದನ್ನು ಯಾಕೆ ಹೇಳಿದನೋ.

"ಸಂಜೀಕ ನೀ ಮಠಕ್ಕ ಬರಬೇಕು. ಬಂದು, ಗಾಡಿ ನಂದು ಅಂತ ಒಂದ ಮಾತ ಅಂದ್ರ ಸಾಕು."

"ಗಾಡಿ ನಂದು," ಎಂದ ಮಜೀದ. ಹಣ್ಣಿನ ಹೋಳು ಬಾಯಲ್ಲಿಟ್ಟುಕೊಂಡು ರುಚಿ ನೋಡುವವನ ಹಾಗೆ ಮತ್ತೊಮ್ಮೆ ಹೇಳಿದ. "ಗಾಡಿ ನಂದು. ಚಲೋ ಕೇಳಸ್ತೈತಿ."

"ಬಾಯಿಲೆ ಅಷ್ಟ," ಎಂದ ಗುರುಪುತ್ರಪ್ಪ, ಬೇಗ. ಅಷ್ಟು ಬೇಗ ಅನ್ನಬಾರದಿತ್ತು. "ಇವತ್ತ ಒಂದ ದಿನಾ. ನಾಳೆ ಇದ್ದದ್ದ ಇದ್ದಂಗ."

"ಹೂಂ. ಇದ್ದದ್ದ ಇದ್ದಂಗ." ಮಜೀದ ಬಸಿಯ ತಳದ ಚಹಾವನ್ನು ಮಣ್ಣಿಗೆ ಚೆಲ್ಲಿದ. "ಅಲ್ಲೆ ಯಾರ‍್ಯಾರು ಇರತಾರ್ರಿ?"

"ಅಜ್ಜಾರು, ಹಿರ್ಯಾರು."

"ಹುಡುಗೂರು?"

"ಇರತಾರ. ಈಗಿನ ಹುಡುಗೂರು ಎಲ್ಲಾಕಡಿ ಇರತಾರ."

"ಮಜೀದನ ಗಾಡಿ ಮೀನ ಹೊತ್ತು ಮಠದ ಅಡಗಿಮನಿಗೆ ಹೋಗೇತಿ. ಊರ ಮಂದೀನೆಲ್ಲಾ ಮೀನಕ್ಕ ಅಡ್ಡ ಬೀಳಿಸೇತಿ. ಹೌದು ನಂದ ಗಾಡಿ ಅಂತ ನಾ ಆ ಹುಡುಗೂರ ಮುಂದ ನಿಂತು ಹೇಳಬೇಕು. ಹೇಳಿ ಮನಿಗೆ ಹೋಗಬೇಕು." ಅವನ ದನಿ ಏರಲಿಲ್ಲ. "ಮನಿ ಎಲ್ಲೈತಿರಿ ನಂದು?"

"ಅದ ಓಣ್ಯಾಗ. ಮಠದ ಬಾಜುಕ."

"ಹಾಂ."

"ನಾ ಇರತೇನಲ್ಲೋ ಅಲ್ಲೆ. ಯಾರೂ ಒಂದ ಮಾತ ಅನ್ನಾಕ ನಾ ಬಿಡೂದಿಲ್ಲ."

"ಏನಂತ ಬಿಡೂದಿಲ್ಲರಿ? ನೀವು ಆಗ ಬಾಡಿಗಿ ಕೊಟ್ಟಾವರು ಅಷ್ಟ."

ಬೇವಿನ ಹಣ್ಣೊಂದು ಗಾಡಿಯ ಮೇಲೆ ಬಿದ್ದು ಉರುಳಿತು. ಗುರುಪುತ್ರಪ್ಪ ಹಲಗೆಯ ಅಂಚಿನಲ್ಲಿ ಕೂತ, ಯಾವಾಗ ಕೂತನೋ ತಿಳಿಯದೆ. ಪಂಚೆಗೆ ತಣ್ಣಗೆ ತಾಗಿತು. ಸೋಮವಾರ ನಸುಕಿನಲ್ಲಿ ತಾನು ಏಳುವುದು, ಮೀಯುವುದು, ಆಮೇಲೆ ಎಲ್ಲಿಗೂ ಹೋಗಲಿಕ್ಕೆ ಇಲ್ಲದೆ ಹೊಸ್ತಿಲಲ್ಲಿ ನಿಲ್ಲುವುದು ಅವನಿಗೆ ಕಾಣಿಸಿತು. ಅವನಿಗೆ ಅಳು ಬರುವಂತಾಯಿತು; ಅಳುವಿನ ಒಳಗೂ ಒಂದು ಸಣ್ಣ ವ್ಯಾಪಾರ ಎದ್ದು ಕೂತಿತು.

"ಅರ್ಧಾ ಬರದ ಕೊಡತೇನಿ," ಎಂದ. "ನಾಳೇನ ಹೋಗೂಣು ಆಫೀಸಿಗೆ. ನೀ ಕೇಳಿದ್ದ ಮಾತು. ಅರ್ಧಾ ನಿನ್ನ ಹೆಸರೀಲೆ."

ಮಜೀದ ಖಾಲಿ ಬಸಿಯನ್ನು ಪಕ್ಕಕ್ಕೆ ಸರಿಸಿದ.

"ನಾ ಕೇಳಿದಾಗ ಗಾಡ್ಯಾಗ ಹೂಕೋಸು ಇತ್ತರಿ ಅಣ್ಣಾರ. ಈಗ ಮೀನ ಸಿಕ್ಕಾವ, ಈಗ ನನ್ನ ಹೆಸರು ಬೇಕಾತು."

"ಪೂರಾ ತಗೋ." ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿ ಗುರುಪುತ್ರಪ್ಪ ಬೆಚ್ಚಿದ. ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದ, ತೆಗೆದುಕೊಳ್ಳಲಿಲ್ಲ. "ಪೂರಾ ಗಾಡಿ. ಖರೇನ ನಿಂದ ಆಗಲಿ, ಆಗ ಸುಳ್ಳ ಹೇಳಿದಂಗೂ ಆಗೂದಿಲ್ಲ. ಬಾರೋ ಮಜೀದ. ಸೋಮವಾರದ ಸೇವಾ ಹೋದ್ರ ನನಗ ಏನೂ ಉಳಿಯೂದಿಲ್ಲ."

"ಒಂದ ಕೆಲಸಾ ಮಾಡೂಣ್ರಿ. ಗಾಡಿ ನಂದು, ಮೀನ ತರಸಾವ ನಾನು ಅಂತ ನೀವ ಹೇಳ್ರಿ. ತಂದಾವ ನಾನು ಅಂತ ನಾ ಹೇಳತೇನಿ. ನಿಮ್ಮ ಬಾಜುಕ ನಿಂತು ಹೇಳತೇನಿ, ಹುಡುಗೂರು ಏನ ಮಾಡತಾರ ಮಾಡಲಿ."

ಪೇಟೆಯ ಕಡೆಯಿಂದ ಕಾಂತಾಳ ಕೂಗು ಕೇಳಿಸುತ್ತಿತ್ತು, ಬಂಗಡೆ ಬಂಗಡೆ ಎಂದು. ಗುರುಪುತ್ರಪ್ಪ ಆ ದೃಶ್ಯವನ್ನು ಮನಸ್ಸಿನಲ್ಲಿ ಕಟ್ಟಿ ನೋಡಿದ: ತಾನು ನಿಂತಿದ್ದಾನೆ, ಚನ್ನಬಸಯ್ಯ ಛತ್ತು ನೋಡುತ್ತಿದ್ದಾನೆ, ಚೀಲ ಹಿಡಿದು ಬಂದಿದ್ದ ಹಿರಿಯರು ಹಣೆಗೆ ಹೊಸ ವಿಭೂತಿ ಹಚ್ಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಬಾಯಿ ತೆರೆದರೆ ಮಾತಾಗಿ ಏನು ಬರುತ್ತದೆಂದು ಅವನಿಗೆ ಕೇಳಿಸಿತು. ಬರ್ಫ.

"ನನ್ನ ಕೈಲೆ ಆಗೂದಿಲ್ಲೋ," ಎಂದ. ಮಜೀದನ ಕೈ ಹಿಡಿದುಕೊಂಡ. ತಾನಾಗಿ ಆ ಕೈಯನ್ನು ಹಿಡಿದದ್ದು ಇದೇ ಮೊದಲೆಂದು ಹಿಡಿದ ಮೇಲೆ ಗೊತ್ತಾಯಿತು. "ನೀನ ಹೇಳು. ನಿನ್ನ ಕಾಲ ಬೀಳಂದ್ರ ಬೀಳತೇನಿ. ಒಂದ ಸಲಾ ಹೇಳು."

ಮಜೀದ ಕೈ ಬಿಡಿಸಿಕೊಂಡು ಹಲಗೆಯಿಂದ ಇಳಿದ.

"ಹೇಳೂದಿಲ್ಲ," ಎಂದ.